ನೀರಿಗೆ ಬಿದ್ದ ಫೋನ್: ಒಣಗಿಸೋದಾ, ಬಿಚ್ಚಿಸೋದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮನ ಫೋನ್ ನಿನ್ನೆ ರಾತ್ರಿ ಬಟ್ಟೆ ನೆನೆಸಿಟ್ಟಿದ್ದ ಬಕೆಟ್‌ಗೆ ಬಿತ್ತು. ಸೋಪಿನ ನೀರು ಬೇರೆ. ತಕ್ಷಣ ಎತ್ತಿ ಆಫ್ ಮಾಡಿದೆವು, ಸಿಮ್ ಟ್ರೇ ಹೊರಗೆ ತೆಗೆದು, ಚಾರ್ಜಿಂಗ್ ಪಾಯಿಂಟ್ ಕೆಳಗೆ ಬರುವ ಹಾಗೆ ಹಿಡಿದು ಮೆಲ್ಲಗೆ ತಟ್ಟಿದಾಗ ಸ್ವಲ್ಪ ನೊರೆ ನೀರು ಬಂತು. ಈಗ ಫ್ಯಾನ್ ಗಾಳಿಗೆ ಇಟ್ಟಿದ್ದೇವೆ. ಚಾರ್ಜಿಗೆ ಹಾಕಿಲ್ಲ.

ಮನೆಯಲ್ಲಿ ಎಲ್ಲರೂ ಅಕ್ಕಿ ಡಬ್ಬಿಯಲ್ಲಿ ಹೂತಿಡು ಅಂತಿದ್ದಾರೆ. ನಾನು ಒಪ್ಪಿಲ್ಲ. ಆಪಲ್ ಕಂಪನಿಯೇ ಅಕ್ಕಿ ಬೇಡ, ಅದರ ಚೂರು ಒಳಗೆ ಸೇರಿ ಫೋನ್ ಹಾಳಾಗಬಹುದು ಅನ್ನುತ್ತದೆ. ಹೇರ್ ಡ್ರೈಯರ್ ಕೂಡ ಬೇಡ ಅಂದೆ, ಬಿಸಿಗೆ ಒಳಗಿನ ಅಂಟು ಸಡಿಲ ಆಗುತ್ತೆ. ಫೋನ್ ಏನೋ ಐಪಿ68 (ಧೂಳು, ನೀರು ತಡೆಯುವ ಮಟ್ಟ) ರೇಟಿಂಗಿನದು, ಆದರೆ ಆ ಪರೀಕ್ಷೆ ಮಾಡೋದು ಬರೀ ನೀರಲ್ಲಿ, ಸೋಪಿನ ನೀರಲ್ಲಲ್ಲ, ಸಾಲದ್ದಕ್ಕೆ ಹಳೇ ಫೋನಿನ ಸೀಲ್ ಎಷ್ಟು ಗಟ್ಟಿ ಇರುತ್ತೋ.

ಟಾರ್ಚ್ ಬಿಟ್ಟು ಸಿಮ್ ಕಿಂಡಿಯೊಳಗೆ ನೋಡಿದರೆ, ಬಿಳಿ ಇರಬೇಕಾದ ಚಿಕ್ಕ ಸ್ಟಿಕ್ಕರ್ ಕೆಂಪಾಗಿದೆ. ಅಂದರೆ ಅಲ್ಲಿವರೆಗೂ ನೀರು ಹೋಗಿದೆ. ಕ್ಯಾಮೆರಾ ಗಾಜಿನ ಒಳಗೂ ಮಂಜು ಕಟ್ಟಿದೆ.

ರಿಪೇರಿ ಗೊತ್ತಿರುವವರು ಹೇಳಿ, ಸುಮ್ನೆ ಒಣಗಲು ಬಿಟ್ಟರೆ ಸೋಪಿನ ಅಂಶ ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಉಳಿದು ತುಕ್ಕು ಹಿಡಿಯುತ್ತೆ ಅಲ್ವಾ? ಹಾಗಾದರೆ ಕಾಯದೆ ಈಗಲೇ ಬಿಚ್ಚಿಸಿ, ಬ್ಯಾಟರಿ ಕಳಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬೋರ್ಡ್ ತೊಳೆಸೋದು ವಾಸಿನಾ? ಫೋನ್ ಹೋದರೂ ಪರವಾಗಿಲ್ಲ, ಫೋಟೋಗಳು ಬೇಕು. ಬ್ಯಾಕಪ್ ಇಲ್ಲ, ಫೋಟೋ ಇರೋದು ಬೋರ್ಡ್ ಮೇಲಿನ ಮೆಮೊರಿಯಲ್ಲೇ, ಬೋರ್ಡ್ ಬದಲಿಸಿದರೆ ಅವೂ ಹೋದ ಹಾಗೇ. ಒಂದೇ ಒಂದು ಸಲ ಆನ್ ಮಾಡಿ ಕಾಪಿ ಮಾಡ್ಕೊಳ್ಳೋಣ ಅಂತ ಅಣ್ಣ ಒತ್ತಾಯ ಮಾಡ್ತಿದ್ದಾನೆ, ನಾನು ತಡೆದಿದ್ದೇನೆ. ಬೇಗ ತಿಳಿಸಿ.