‘4.5ಕ್ಕೆ ನಿಲ್ಲುತ್ತದೆ’ ಎಂದರೆ ನಡೆಯುತ್ತದೆಯೋ, ನಿಂತುಹೋಗುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವ (ತಯಾರಕರು ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ) ಬಗ್ಗೆ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಉದಾಹರಣೆಗೆ ಎಎಂಡಿ ರೈಜನ್ 5 5600ಎಕ್ಸ್ ಮತ್ತು ಬಿ550 ಮದರ್‌ಬೋರ್ಡ್ ಇಟ್ಟುಕೊಂಡಿದ್ದೇವೆ. ಕರಡಿನಲ್ಲಿ ಹೀಗೊಂದು ಸಾಲಿದೆ: “1.25 ವೋಲ್ಟ್‌ನಲ್ಲಿ ಸಿಸ್ಟಮ್ 4.5 ಗಿಗಾಹರ್ಟ್ಸ್‌ಗೆ ನಿಲ್ಲುತ್ತದೆ, 4.6ಕ್ಕೆ ನಿಲ್ಲದಿದ್ದರೆ ಕರೆಂಟ್ ಸ್ವಲ್ಪ ಜಾಸ್ತಿ ಕೊಡಿ.” ಕರಡು ಓದಿದವರಲ್ಲಿ ಕೆಲವರು ‘ನಿಲ್ಲುತ್ತದೆ’ ಎಂದರೆ ತೊಂದರೆಯಿಲ್ಲದೆ ನಡೆಯುತ್ತದೆ ಎಂದುಕೊಂಡರು, ಕೆಲವರು ಹ್ಯಾಂಗ್ ಆಗುತ್ತದೆ ಎಂದುಕೊಂಡರು. ಇಲ್ಲಿ ಯಾವ ಪದ ಹಾಕಬೇಕು? ‘ಸ್ಥಿರ’ ಎಂದರೆ ಸಾಲದೆ? ಪ್ರೊಸೆಸರ್‌ಗೆ ಪೂರ್ತಿ ಹೊರೆ ಹಾಕಿ ನೋಡುವ ‘ಸ್ಟ್ರೆಸ್ ಟೆಸ್ಟ್’ಗೆ ಕನ್ನಡದಲ್ಲಿ ಏನನ್ನಬಹುದು?

ಉತ್ತರ 1

ಎರಡು ಓದೂ ಸರಿ. ‘ಬಸ್ಸು ನಿಂತಿತು’, ‘ಕೊಟ್ಟ ಮಾತಿಗೆ ನಿಂತ’ ಎರಡೂ ನಾವು ದಿನಾ ಆಡುವ ಮಾತೇ. ಬೇರೆ ಕಡೆ ಸಂದರ್ಭ ನೋಡಿ ಅರ್ಥ ಬಿಡಿಸಿಕೊಳ್ಳಬಹುದು, ಓವರ್‌ಕ್ಲಾಕಿಂಗ್‌ನಲ್ಲಿ ಮಾತ್ರ ಆಗದು. ಅಲ್ಲಿ ಪ್ರತಿ ಹೆಜ್ಜೆಗೂ ಈ ಎರಡರಲ್ಲಿ ಒಂದು ಆಗಿಯೇ ಆಗುತ್ತದೆ. ‘ಸ್ಥಿರ’ವೂ ಬೇಡ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ವೋಲ್ಟೇಜನ್ನು ಆಟೋದಿಂದ ತೆಗೆದು ಒಂದೇ ಅಂಕಿಗೆ ಕಟ್ಟಿಹಾಕುವುದಕ್ಕೂ ‘ಸ್ಥಿರ ವೋಲ್ಟೇಜ್’ ಎಂದೇ ಬರೆಯುತ್ತೀರಿ. ಕಟ್ಟಿಹಾಕಿದ ವೋಲ್ಟೇಜ್‌ನಲ್ಲಿ ಸಿಸ್ಟಮ್ ಅಸ್ಥಿರವಾಗಿರುವುದು ತೀರಾ ಸಾಮಾನ್ಯ.

ನನ್ನ ಆಯ್ಕೆ ‘ತಾಳು’. “1.25 ವೋಲ್ಟ್‌ನಲ್ಲಿ 4.5 ತಾಳುತ್ತದೆ, 4.6 ತಾಳುವುದಿಲ್ಲ.” ಸ್ಟ್ರೆಸ್ ಟೆಸ್ಟ್ ‘ತಾಳಿಕೆ ಪರೀಕ್ಷೆ’ ಆಗಲಿ. ಇದರಿಂದ ಇನ್ನೊಂದು ಅನುಕೂಲವೂ ಇದೆ: ‘ತಾಳಿಕೆ ಬಾಳಿಕೆ’ ಎಂಬ ಜೋಡಿಯನ್ನು ಬಿಡಿಸಿ ಬಳಸಬಹುದು. ಈ ಹೊತ್ತಿನ ಹೊರೆ ಹೊರುವುದು ತಾಳಿಕೆ, ಚಿಪ್ ಎಷ್ಟು ವರ್ಷ ಬರುತ್ತದೆ ಎನ್ನುವುದು ಬಾಳಿಕೆ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರ್ ಬೇಗ ಆನ್-ಆಫ್ ಆಗುತ್ತದೆ, ಮುಂದಿನ ಕ್ಲಾಕ್ ಬರುವಷ್ಟರಲ್ಲಿ ಸಿಗ್ನಲ್ ಸೇರಬೇಕಾದಲ್ಲಿ ಸೇರುತ್ತದೆ, ತಾಳಿಕೆ ಬರುತ್ತದೆ. ಆದರೆ ಅದೇ ವೋಲ್ಟೇಜ್, ಅದರ ಬಿಸಿಯೊಡನೆ ಸೇರಿ, ಬಾಳಿಕೆಯನ್ನು ತಿನ್ನುತ್ತದೆ. ಹೊಸಬರು ಮೊದಲು ತಿಳಿಯಬೇಕಾದ್ದು ಇದನ್ನೇ.

ಲೆಕ್ಕವನ್ನೂ ಕೈಪಿಡಿಗೆ ಸೇರಿಸಿ. ಬಿಸಿಯು ವೋಲ್ಟೇಜಿನ ವರ್ಗವನ್ನು ವೇಗದಿಂದ ಗುಣಿಸಿದ ಪ್ರಮಾಣದಲ್ಲಿ ಏರುತ್ತದೆ. 1.25 ವೋಲ್ಟ್, 4.5 ಗಿಗಾಹರ್ಟ್ಸ್‌ನಿಂದ 1.35 ವೋಲ್ಟ್, 4.6 ಗಿಗಾಹರ್ಟ್ಸ್‌ಗೆ ಹೋದರೆ ವೇಗ ಏರುವುದು ಶೇ. 2ರಷ್ಟು, ಬಿಸಿ ಸುಮಾರು ಶೇ. 19ರಷ್ಟು. ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಸೋರುವ ಕರೆಂಟಿನ ಬಿಸಿ ಇದರಲ್ಲಿ ಸೇರಿಲ್ಲ. ಈ ಚಿಪ್‌ನಲ್ಲಿ ಹೊಸಬರು ಎಲ್ಲ ಕೋರ್‌ಗಳಿಗೂ 1.3 ವೋಲ್ಟ್ ದಾಟದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಇನ್ನು ‘ಕರೆಂಟ್ ಜಾಸ್ತಿ ಕೊಡಿ’. ಇದನ್ನು ದಯವಿಟ್ಟು ತೆಗೆಯಿರಿ. ‘ಕರೆಂಟ್ ಹೋಯ್ತು’ ಎನ್ನುವಾಗ ಕರೆಂಟ್ ಎಂದರೆ ವಿದ್ಯುತ್ತೇ. ಬಯೋಸ್‌ನಲ್ಲಿ ಕರೆಂಟ್ ಬೇರೆ, ವೋಲ್ಟೇಜ್ ಬೇರೆ. 5600ಎಕ್ಸ್‌ಗೆ ಪಿಪಿಟಿ (ಒಟ್ಟು ವಿದ್ಯುತ್ ಬಳಕೆ) 76 ವ್ಯಾಟ್, ಟಿಡಿಸಿ (ಸತತವಾಗಿ ಹರಿಯುವ ಕರೆಂಟ್) 60 ಆಂಪ್, ಇಡಿಸಿ (ಕ್ಷಣಿಕವಾಗಿ ಏರುವ ಕರೆಂಟ್) 90 ಆಂಪ್ ಎಂಬ ಮಿತಿಗಳಿವೆ. ಕೊನೆಯ ಎರಡು ಕರೆಂಟಿನವು. ನಿಮ್ಮ ಸಾಲು ಓದಿದವರು ಹೋಗಿ ಇಡಿಸಿ ಏರಿಸುತ್ತಾರೆ. ಆದರೆ ಮಲ್ಟಿಪ್ಲೈಯರನ್ನು (ಬೇಸ್ ಕ್ಲಾಕ್ ಎಂಬ ಮೂಲ ವೇಗವನ್ನು ಎಷ್ಟರಿಂದ ಗುಣಿಸಬೇಕು ಎನ್ನುವ ಅಂಕಿಯನ್ನು) ಕೈಯಿಂದ ಕಟ್ಟಿದ ಮೇಲೆ ಆ ಮಿತಿಗಳು ಕೆಲಸಕ್ಕೇ ಬರುವುದಿಲ್ಲ. ಅಂದರೆ ಕಾವಲೂ ಇಲ್ಲ, ಎಚ್ಚರ ನಮ್ಮದೇ. ‘ವಿಭವಾಂತರ’ ಎಂದು ಪಠ್ಯಪುಸ್ತಕದ ಪದ ಹಾಕಬೇಕಿಲ್ಲ. ಪಂಪ್‌ಸೆಟ್ಟಿಗೆ ‘ಲೋ ವೋಲ್ಟೇಜ್’ ಎನ್ನುವ ನಾಡಿನಲ್ಲಿ ‘ವೋಲ್ಟೇಜ್’ ಎಲ್ಲರಿಗೂ ಗೊತ್ತು.

ಆ ಸಾಲಿನ ಬದಲು ಹೀಗಿರಲಿ: “ಮೊದಲು ಎಲ್ಲವನ್ನೂ ಆಟೋದಲ್ಲೇ ಬಿಟ್ಟು ಪ್ರೊಸೆಸರ್‌ಗೆ ಹೊರೆ ಹಾಕುವ ಸಿನೆಬೆಂಚ್ ಪ್ರೋಗ್ರಾಂ 10 ನಿಮಿಷ ಓಡಿಸಿ, ಎಲ್ಲ ಕೋರ್‌ಗಳ ವೇಗ ಮತ್ತು ತಾಪವನ್ನು ಬರೆದಿಟ್ಟುಕೊಳ್ಳಿ. ಬಳಿಕ ಬಯೋಸ್‌ನಲ್ಲಿ ವಿಕೋರ್ (ಕೋರ್‌ಗಳ ವೋಲ್ಟೇಜ್) 1.25, ಮಲ್ಟಿಪ್ಲೈಯರ್ 44 ಇಡಿ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್ ಆದ್ದರಿಂದ ಇದು 4.4 ಗಿಗಾಹರ್ಟ್ಸ್. ಮತ್ತೆ 10 ನಿಮಿಷ ಓಡಿಸಿ. ತಾಳಿದರೆ ಮಲ್ಟಿಪ್ಲೈಯರನ್ನು 0.25ರಷ್ಟು, ಅಂದರೆ ವೇಗವನ್ನು 25 ಮೆಗಾಹರ್ಟ್ಸ್ ಏರಿಸಿ. ತಾಳದಿದ್ದರೆ ವೋಲ್ಟೇಜನ್ನು ಬಯೋಸ್ ಬಿಡುವ ಅತಿ ಚಿಕ್ಕ ಹೆಜ್ಜೆಯಷ್ಟು ಮಾತ್ರ ಏರಿಸಿ, ಇಲ್ಲವೇ ಹಿಂದಿನ ವೇಗಕ್ಕೆ ಬನ್ನಿ. ತಾಪ 85 ಡಿಗ್ರಿ ದಾಟಿದರೆ ಅಲ್ಲಿಗೇ ಸಾಕು.” ತಯಾರಕರು ಹೇಳುವ ಗರಿಷ್ಠ 95 ಡಿಗ್ರಿ, 85 ನಾನು ಹೇಳುವ ಮಿತಿ, ಬೇಸಿಗೆಯ ಕೋಣೆಗೆ ಅಷ್ಟು ಅಂತರ ಬೇಕು. ಡಬ್ಬಿಯಲ್ಲಿ ಬರುವ ಚಿಕ್ಕ ಕೂಲರ್‌ನಲ್ಲಿ ಇದನ್ನೆಲ್ಲ ಮಾಡಹೊರಡುವುದು ಬೇಡ, 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ ಹಾಕಿಕೊಳ್ಳಲಿ. ಆಟೋದಲ್ಲಿ ಬಂದ ವೇಗಕ್ಕಿಂತ ಕೈಯಿಂದ ಕಟ್ಟಿದ್ದು ಕಡಿಮೆಯಾದರೆ ಲಾಭವೇನೂ ಇಲ್ಲ. ಓವರ್‌ಕ್ಲಾಕ್ ಮಾಡಿ ಹಾಳಾದರೆ ವಾರಂಟಿ ಸಿಗದು ಎನ್ನುವುದನ್ನು ಮೊದಲ ಪುಟದಲ್ಲೇ ಹಾಕಿ.

ಉತ್ತರ 2

‘ತಾಳಿಕೆ’ಗೆ ನನ್ನದೂ ಒಪ್ಪಿಗೆ. ಆದರೆ ‘ತಾಳಲಿಲ್ಲ’ ಎಂದಷ್ಟೇ ಬರೆದರೆ ಹೊಸಬರು ಹ್ಯಾಂಗ್ ಆಗುವುದನ್ನೇ ಕಾಯುತ್ತಾರೆ. ತಾಳದಿರುವುದಕ್ಕೆ ಬೇರೆ ರೂಪಗಳಿವೆ: ನೀಲಿ ಪರದೆ, ತಾನಾಗಿ ರೀಸ್ಟಾರ್ಟ್ ಆಗುವುದು, ಪ್ರೈಮ್95 ಎಂಬ ತಾಳಿಕೆ ಪರೀಕ್ಷೆಯ ಪ್ರೋಗ್ರಾಂ ಓಡುವಾಗ ಅದರ ಒಂದು ವರ್ಕರ್ (ಲೆಕ್ಕದ ಒಂದು ಪಾಲು ಹೊರುವ ಭಾಗ) ಮಾತ್ರ ಲೆಕ್ಕ ತಪ್ಪಿ ಕೈಬಿಡುವುದು. ಎಲ್ಲಕ್ಕಿಂತ ಕಳ್ಳತನದ್ದು ‘ವ್ಹೀಯಾ’ ದೋಷ, ಅಂದರೆ ವಿಂಡೋಸ್ ದಾಖಲಿಸಿಕೊಳ್ಳುವ ಹಾರ್ಡ್‌ವೇರ್ ದೋಷ. ಸಿಸ್ಟಮ್ ಸಲೀಸಾಗಿ ನಡೆಯುತ್ತಿರುತ್ತದೆ, ತಾಪ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಪ್ರೋಗ್ರಾಂನ ಪಟ್ಟಿಯ ಕೊನೆಯಲ್ಲಿ ದೋಷಗಳ ಎಣಿಕೆ ಏರುತ್ತಿರುತ್ತದೆ. ಸೊನ್ನೆಯಾಗಿಯೇ ಉಳಿಯದಿದ್ದರೆ ತಾಳಲಿಲ್ಲವೆಂದೇ ಲೆಕ್ಕ. ಹತ್ತು ನಿಮಿಷದ್ದು ದಾರಿಯ ಪರೀಕ್ಷೆ. ಕೊನೆಗೆ ಓಸಿಸಿಟಿ ಎಂಬ ತಾಳಿಕೆ ಪರೀಕ್ಷೆಯ ಪ್ರೋಗ್ರಾಂನಲ್ಲಿ ಒಂದು ಗಂಟೆಯಾದರೂ ಓಡಿಸಬೇಕು. ಅಷ್ಟು ಹೊತ್ತು ಮೆಮೊರಿಯ ಎಕ್ಸ್‌ಎಂಪಿ (ಅದನ್ನು ಹೆಚ್ಚು ವೇಗಕ್ಕೆ ಇಡುವ ಸೆಟ್ಟಿಂಗ್) ಆಫ್ ಇರಲಿ, ಇಲ್ಲವಾದರೆ ತಪ್ಪು ರ‍್ಯಾಮ್‌ನದೋ ಪ್ರೊಸೆಸರ್‌ನದೋ ಗೊತ್ತಾಗದು.

ಇನ್ನೊಂದು ಗೊಂದಲಕ್ಕೂ ಎರಡು ಸಾಲು ಬೇಕು. ಆಟೋದಲ್ಲಿದ್ದಾಗ ಹಗುರ ಕೆಲಸದಲ್ಲಿ ವೋಲ್ಟೇಜ್ 1.4ರ ಮೇಲೆ ಜಿಗಿಯುವುದನ್ನು ನೋಡಿ, ‘ಹಾಗಾದರೆ 1.4ನ್ನೇ ಕಟ್ಟಿಬಿಡೋಣ’ ಎನ್ನುವವರಿದ್ದಾರೆ. ಆ ಜಿಗಿತ ಒಂದೆರಡು ಕೋರ್ ದುಡಿಯುವ ಕ್ಷಣದ್ದು, ಆಗ ಹರಿಯುವ ಕರೆಂಟ್ ಕಡಿಮೆ. ಆರೂ ಕೋರ್ ದುಡಿಯುವಾಗ ಅದೇ ವೋಲ್ಟೇಜ್ ಇಟ್ಟರೆ ಚಿಪ್‌ನ ಬಾಳಿಕೆ ಕುಂದುತ್ತದೆ.

ಪರದೆಯೇ ಬಾರದಿದ್ದರೆ ಏನು ಮಾಡಬೇಕು ಎನ್ನುವುದು ಕರಡಿನಲ್ಲಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಮದರ್‌ಬೋರ್ಡಿನ ಕ್ಲಿಯರ್ ಸೀಮಾಸ್ (ಬಯೋಸ್ ಸೆಟ್ಟಿಂಗ್ ಉಳಿಸುವ ನೆನಪನ್ನು ಖಾಲಿ ಮಾಡುವ) ಪಿನ್‌ಗಳೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಬೇಕು. ಪಿನ್ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೂ ಆದೀತು. ಇದಕ್ಕೆ ‘ಸೀಮಾಸ್ ಅಳಿಸಿ’ ಎನ್ನಬೇಡಿ, ಫೈಲುಗಳೆಲ್ಲ ಹೋಗುತ್ತವೆ ಎಂದು ಹೆದರುತ್ತಾರೆ. ‘ಬಯೋಸ್ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ’ ಎಂದರೆ ಸಾಕು.