ಕಟ್ಟಡ ಕೆಡವುವ ದೊಡ್ಡ ಗುತ್ತಿಗೆ ಬಂದಿದೆ, ಅನುಭವ ಇಲ್ಲ. ಮಾಡಿದವರು ಹೇಳಿ

ಕೇಳಿದವರು, ಮಂಜೇಶ್ವರ

ನಮ್ಮದು ಎರಡು ಜೆಸಿಬಿ, ಮೂರು ಟಿಪ್ಪರ್ ಇರುವ ಸಣ್ಣ ವ್ಯವಹಾರ. ಮಣ್ಣು ತೆಗೆಯುವುದು, ಜಾಗ ಸಮ ಮಾಡುವುದು, ಮುರಕಲ್ಲು ಸಾಗಿಸುವುದು, ಇಷ್ಟೇ. ಹಂಚಿನ ಮನೆ ಒಂದೆರಡು ಕೆಡವಿದ್ದೇವೆ. ಈಗ ಪೇಟೆಯ ನಡುವೆ ಇರುವ ಒಂದು ಹಳೆಯ ಟಾಕೀಸು, ಅದಕ್ಕೆ ತಾಗಿದ ಮೂರು ಮಹಡಿಯ ಕಾಂಪ್ಲೆಕ್ಸ್, ಹಿಂದೆ ಹಂಚಿನ ಗೋಡೌನ್ ಸಾಲು, ಎಲ್ಲ ಕೆಡವಿ ಜಾಗ ಖಾಲಿ ಮಾಡಿ ಕೊಡಲು ನಮ್ಮನ್ನು ಕೇಳಿದ್ದಾರೆ. ಕಾಂಪ್ಲೆಕ್ಸ್ ಒಂದೇ ಸುಮಾರು 18,000 ಚದರಡಿ. ಕಂಬಿ, ಮರ, ಹಂಚು, ಬಾಗಿಲು ಎಲ್ಲ ನಮಗೆ. ಬದಲಿಗೆ ನಾವೇ ಮಾಲೀಕರಿಗೆ ಹಣ ಕೊಡಬೇಕು, ಮಳೆಗಾಲಕ್ಕೆ ಮೊದಲು ಮುಗಿಸಬೇಕು. ಅಪ್ಪ ಬೇಡ ಅನ್ನುತ್ತಾರೆ, ತಮ್ಮ ಮಾಡುವ ಅನ್ನುತ್ತಾನೆ. ಈ ಕೆಲಸ ತೆಗೆದುಕೊಳ್ಳಬಹುದಾ? ರೇಟು ಹೇಗೆ ಹಾಕುವುದು? ಎಲ್ಲಿಂದ ಶುರು ಮಾಡುವುದು?

ಉಪ್ಪಳ, ಇದೇ ಕೆಲಸ ಮಾಡುವವರು

ಹೆದ್ದಾರಿ 66 ಅಗಲ ಮಾಡುವಾಗ ತಲಪಾಡಿಯಿಂದ ಚೆಂಗಳದವರೆಗೆ ಎಷ್ಟು ಕಟ್ಟಡ ಬಿತ್ತು ಎಂದು ನೀವೇ ನೋಡಿದ್ದೀರಿ. ಆಗ ಜೆಸಿಬಿ ಇದ್ದವರೆಲ್ಲ ಕೆಡವುವ ಗುತ್ತಿಗೆದಾರರೇ. ಕೆಲವರು ಚೆನ್ನಾಗಿ ದುಡಿದರು. ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡದ್ದು ಕೆಡವುವುದರಲ್ಲಿ ಅಲ್ಲ ಮಾರಾಯ್ರೇ, ಕೆಡವಿದ್ದನ್ನು ಸಾಗಿಸುವುದರಲ್ಲಿ. ಆದ್ದರಿಂದ ಕಂಬಿಯ ಲೆಕ್ಕಕ್ಕೆ ಮೊದಲು ಕಸದ ಲೆಕ್ಕ ಮಾಡಿ.

ಐದು ಇಂಚಿನ ಸ್ಲ್ಯಾಬ್ 1,000 ಚದರಡಿ ಇದ್ದರೆ ಕಾಂಕ್ರೀಟೇ ಸುಮಾರು 417 ಘನ ಅಡಿ. ತೂಕ 28 ಟನ್ನಿನ ಹತ್ತಿರ. ಒಡೆದ ಮೇಲೆ ಅದು ಅಷ್ಟೇ ಜಾಗದಲ್ಲಿ ನಿಲ್ಲುವುದಿಲ್ಲ, ಒಂದೂವರೆ ಪಟ್ಟು ಉಬ್ಬುತ್ತದೆ, ಅಂದರೆ 150 ಘನ ಅಡಿಯ ಟಿಪ್ಪರಿಗೆ ನಾಲ್ಕು ಲೋಡು. ಇದು ಬರೀ ಸ್ಲ್ಯಾಬ್. ನಿಮ್ಮ 18,000 ಚದರಡಿಗೆ ಬೀಮ್, ಪಿಲ್ಲರ್, ಗೋಡೆ, ನೆಲ ಎಲ್ಲ ಸೇರಿದರೆ 1,500 ಟನ್ ದಾಟುವುದು ಏನೂ ದೊಡ್ಡದಲ್ಲ. 200ಕ್ಕಿಂತ ಜಾಸ್ತಿ ಲೋಡು. ಟಾಕೀಸಿನ ಗೋಡೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪೇಟೆಯೊಳಗೆ ಹಗಲು ಟಿಪ್ಪರ್ ನಿಲ್ಲಿಸಲು ಬಿಡುತ್ತಾರಾ, ಒಂದು ದಿನಕ್ಕೆ ಎಷ್ಟು ಟ್ರಿಪ್ ಆಗುತ್ತದೆ, ಇದನ್ನು ಕೇಳದೆ ದಿನದ ಲೆಕ್ಕ ಹಾಕಬೇಡಿ.

ಎಲ್ಲಿ ಹಾಕುತ್ತೀರಿ? ಗದ್ದೆಗೆ ಹಾಕುವ ಹಾಗಿಲ್ಲ, ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜೌಗು ಜಾಗ ಉಳಿಸುವ ಕಾನೂನು ಇದೆ, ಗಾಡಿ ಹಿಡಿದರೆ ಬಿಡಿಸುವುದು ಸುಲಭವಲ್ಲ. ತೋಡಿನ ಬದಿ, ರಸ್ತೆ ಬದಿಯೂ ಇಲ್ಲ, ಕಟ್ಟಡದ ಕಸಕ್ಕೆಂದೇ ಕೇಂದ್ರದ ನಿಯಮ ಇದೆ. ಮುರಕಲ್ಲಿನ ಪುಡಿಗೆ ಗಿರಾಕಿ ಸಿಗುತ್ತಾರೆ, ಮನೆ ಪಾಯ ತುಂಬಿಸಲು ಕೇಳಿಕೊಂಡು ಬರುತ್ತಾರೆ. ಕಾಂಕ್ರೀಟಿನ ದೊಡ್ಡ ತುಂಡು ಯಾರಿಗೂ ಬೇಡ. ಅದನ್ನು ಅಲ್ಲೇ ಇನ್ನೊಮ್ಮೆ ಬ್ರೇಕರಿನಲ್ಲಿ ಸಣ್ಣ ಮಾಡಬೇಕು, ಆ ಗಂಟೆಯ ಬಾಡಿಗೆಯೂ ನಿಮ್ಮದೇ. ಹಾಕುವ ಜಾಗದ ಯಜಮಾನರಿಂದ ಒಂದು ಕಾಗದ ಬರೆಸಿಕೊಂಡು, ಪಂಚಾಯತಿಗೋ ನಗರಸಭೆಗೋ ತಿಳಿಸಿ, ಆಮೇಲೆ ರೇಟು ಹಾಕಿ.

ಇನ್ನು ಕಂಬಿ. ಈಗ ಕಟ್ಟುವ ಕಟ್ಟಡಕ್ಕೆ ಚದರಡಿಗೆ ಮೂರೂವರೆ, ನಾಲ್ಕು ಕೆಜಿ ಅಂತ ಅಂದಾಜು ಹಾಕುತ್ತಾರೆ. ಹಳೆಯದರಲ್ಲಿ ಅಷ್ಟು ಇರುತ್ತದೆ ಅಂತ ನಂಬಬೇಡಿ. ನಮ್ಮ ಕಡಲ ಗಾಳಿಗೆ ಸನ್‌ಶೇಡಿನ ಕಂಬಿ ಪುಡಿಯಾಗಿಯೇ ಹೋಗಿರುತ್ತದೆ. ಮಾಲೀಕರನ್ನು ಕೇಳಿ ಒಂದು ಪಿಲ್ಲರ್, ಒಂದು ಬೀಮ್, ಸ್ಲ್ಯಾಬಿನ ಎರಡು ಮೂರು ಕಡೆ ಸ್ವಲ್ಪ ಕೆತ್ತಿ ನೋಡಿ. ಎಷ್ಟು ಎಂಎಂ, ಎಷ್ಟು ಅಂತರ, ತುಕ್ಕು ಎಷ್ಟು, ಕಣ್ಣಿಗೆ ಕಾಣುತ್ತದೆ. ಅದಕ್ಕೂ ಒಪ್ಪದ ಮಾಲೀಕರಾದರೆ ಅಲ್ಲೇ ಕೈ ಮುಗಿದು ಬನ್ನಿ. ಒಳಗೆ ಏನಿದೆ ಎಂಬುದು ದೊಡ್ಡ ದೊಡ್ಡವರಿಗೂ ಗೊತ್ತಾಗುವುದಿಲ್ಲ. ಪುಣೆಯ ಚಾಂದನಿ ಚೌಕದ ಸೇತುವೆಗೆ 2022ರ ಅಕ್ಟೋಬರ್ 2ರ ನಡುರಾತ್ರಿ ಸ್ಫೋಟಕ ಇಟ್ಟರು. ಅದೇ ವರ್ಷ ನೋಯ್ಡಾದ ಜೋಡಿ ಗೋಪುರ ಬೀಳಿಸಿದ ಅನುಭವ ಇದ್ದವರೇ. ಸೇತುವೆ ಪೂರ್ತಿ ಬೀಳಲಿಲ್ಲ. ಅಂದುಕೊಂಡದ್ದಕ್ಕಿಂತ ಉಕ್ಕು ಜಾಸ್ತಿ ಇತ್ತು ಅಂದರು, ಉಳಿದದ್ದನ್ನು ಯಂತ್ರ ತಂದು ತೆಗೆದರು.

ಬದಿಯಡ್ಕ, ಹಿಟಾಚಿ ಆಪರೇಟರ್

ಉಪ್ಪಳದ ಅಣ್ಣ ಹಣದ್ದು ಹೇಳಿದರು, ನಾನು ಜೀವದ್ದು ಹೇಳುತ್ತೇನೆ. ಮೂರು ಮಹಡಿಗೆ ಜೆಸಿಬಿ ಆಗುವುದಿಲ್ಲ. ಅದರ ಕೈ ಎಟಕುವುದಿಲ್ಲ, ಎಟಕುವುದಿಲ್ಲ ಅಂತ ಬುಡದ ಪಿಲ್ಲರಿಗೆ ಹೊಡೆಯಲು ಹೊರಡುತ್ತಾರೆ, ಕಟ್ಟಡ ಮೇಲೆ ಬರುವುದು ಆಗಲೇ. ಕಟ್ಟಿದ್ದಕ್ಕೆ ತಿರುಗಾ ಇಳಿಯಬೇಕು: ಮೇಲಿನ ಸ್ಲ್ಯಾಬ್, ಆಮೇಲೆ ಬೀಮ್, ಆಮೇಲೆ ಪಿಲ್ಲರ್, ಆಮೇಲೆ ಕೆಳಗಿನ ಮಹಡಿ. ಐಎಸ್ 4130 ಅಂತ ಕೆಡವುವ ಕೆಲಸಕ್ಕೇ ಒಂದು ಸುರಕ್ಷತಾ ಕೋಡ್ ಇದೆ, 1991ರದ್ದು, ಹೆಚ್ಚು ಪುಟ ಇಲ್ಲ. ಇಂಜಿನಿಯರ್ ಹತ್ತಿರ ಓದಿಸಿಕೊಳ್ಳಿ.

ಒಡೆದದ್ದನ್ನು ಮಹಡಿಯ ಮೇಲೆ ರಾಶಿ ಬಿಡಬೇಡಿ. ಒಂದು ಅಡಿ ಎತ್ತರ ಕಸ ನಿಂತರೆ ಒಂದು ಚದರ ಮೀಟರಿಗೆ 450 ಕೆಜಿ ಆಸುಪಾಸು ಭಾರ. ಮನೆಯ ಸ್ಲ್ಯಾಬಿಗೆ ಲೆಕ್ಕ ಹಾಕುವುದೇ 200 ಕೆಜಿಗೆ, ಅಂಗಡಿಗೆ 400. ನಿಮ್ಮದು ಹಳೆಯ ಸ್ಲ್ಯಾಬ್ ಬೇರೆ. ಸಣ್ಣ ಯಂತ್ರ ಮೇಲೆ ಹತ್ತಿಸುವುದಾದರೆ ಕೆಳಗಿನ ಎರಡು ಮಹಡಿಗೂ ಜಾಕಿ (ಸ್ಲ್ಯಾಬಿಗೆ ಆಧಾರದ ಕಂಬ) ಕೊಟ್ಟೇ ಹತ್ತಿಸಬೇಕು.

ಸನ್‌ಶೇಡ್, ಬಾಲ್ಕನಿ ಹೊರಗೆ ಚಾಚಿಕೊಂಡು ನಿಂತಿರುವುದು ಒಳಗಿನ ಗೋಡೆಯ ಭಾರದಿಂದ. ಗೋಡೆ ಮೊದಲು ತೆಗೆದರೆ ಅದು ತಾನಾಗಿ ರಸ್ತೆಗೆ ಬೀಳುತ್ತದೆ. ಮೊದಲು ಅದನ್ನೇ ತೆಗೆಯಿರಿ. ಟಾಕೀಸಿಗೂ ಕಾಂಪ್ಲೆಕ್ಸಿಗೂ ನಡುವಿನ ಗೋಡೆ ಒಂದೇನಾ, ಎರಡಾ? ಒಂದೇ ಆದರೆ ಕೆಲಸದ ಕ್ರಮವೇ ಬೇರೆ. ಟಾಕೀಸಿನ ಎತ್ತರದ ಗೋಡೆ ನಿಂತಿರುವುದು ಮಾಡಿನ ಟ್ರಸ್ (ಛಾವಣಿ ಹೊರುವ ಚೌಕಟ್ಟು) ಹಿಡಿದಿರುವುದರಿಂದ. ಮಾಡು ತೆಗೆದ ಗೋಡೆಯನ್ನು ಗಾಳಿ ಮಳೆಗೆ ಬಿಟ್ಟು ಮನೆಗೆ ಹೋಗಿ ಮಲಗಬೇಡಿ, ಮೇ ತಿಂಗಳ ಒಂದು ಗುಡುಗು ಮಳೆ ಸಾಕು.

ಮಾಡಿಗೆ ಹಾಕಿದ್ದು ಹಳೆಯ ಸಿಮೆಂಟ್ ಶೀಟ್ ಆಗಿದ್ದರೆ ಅದು ಕಲ್ನಾರು, ಆಸ್ಬೆಸ್ಟಾಸ್. ಮೇಲಿಂದ ಬಿಸಾಡಿ ಪುಡಿ ಮಾಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ಮೇಲೆ ಕಾಲಿಟ್ಟು ನಡೆಯಲೂ ಬಾರದು, ಒಡೆದು ಕೆಳಗೆ ಬೀಳುತ್ತಾರೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಅಂಗಳದಲ್ಲಿ ಮುಚ್ಚಿದ ಬಾವಿ, ಹಳೆಯ ಸೆಪ್ಟಿಕ್ ಟ್ಯಾಂಕ್ ಎಲ್ಲೆಲ್ಲಿ ಇದೆ ಎಂದು ಆ ಪೇಟೆಯ ಹಿರಿಯರನ್ನು ಕೇಳಿ ಸುಣ್ಣದಲ್ಲಿ ಗುರುತು ಹಾಕಿ. ನಮ್ಮ ಊರಲ್ಲಿ ಬಾವಿ ಇಲ್ಲದ ಹಿತ್ತಿಲೇ ಇಲ್ಲ, ಅಲ್ವಾ? ಮೇಲೆ ಸ್ಲ್ಯಾಬ್ ಎಳೆದು ಸಿಮೆಂಟ್ ಸಾರಿಸಿರುತ್ತಾರೆ. 20 ಟನ್ನಿನ ಯಂತ್ರ ಅದರ ಮೇಲೆ ಹೋದರೆ ಗೊತ್ತಾಗುತ್ತದೆ, ಆದರೆ ತಡವಾಗಿ.

ಕೇಳಿದವರು, ಮಂಜೇಶ್ವರ

ಎಲ್ಲರಿಗೂ ವಂದನೆ. ನನ್ನ ತಮ್ಮ ಕೊಚ್ಚಿಯ ಮರಡಿನಲ್ಲಿ ಫ್ಲ್ಯಾಟ್ ಬೀಳಿಸಿದ ವಿಡಿಯೋ ತೋರಿಸಿ ಬಾಂಬ್ ಇಟ್ಟರೆ ಐದು ಸೆಕೆಂಡ್ ಅನ್ನುತ್ತಾನೆ. ಅದು ಆಗುತ್ತದಾ?

ಬದಿಯಡ್ಕ, ಹಿಟಾಚಿ ಆಪರೇಟರ್

ನಿಮ್ಮ ತಮ್ಮನಿಗೆ ವಿಡಿಯೋ ಮುಗಿದ ಮೇಲಿನದ್ದನ್ನೂ ತೋರಿಸಿ. 2020ರ ಜನವರಿ 11, 12ಕ್ಕೆ ಮರಡಿನ ನಾಲ್ಕು ಫ್ಲ್ಯಾಟ್ ಸಮುಚ್ಚಯ ಬಿದ್ದದ್ದು ಕ್ಷಣದಲ್ಲಿ, ನಿಜ. ಬಿದ್ದ ರಾಶಿ 76,000 ಟನ್ ಅಂತ ಲೆಕ್ಕ. ಅದನ್ನು ಒಡೆದು, ಕಂಬಿ ಬಿಡಿಸಿ, ಸಾಗಿಸುವುದರಲ್ಲಿ ಅಕ್ಕಪಕ್ಕದವರು ಧೂಳು ತಿಂದದ್ದು ಎಷ್ಟೋ ವಾರ. ಸುಪ್ರೀಂ ಕೋರ್ಟ್ ಆದೇಶದ ಕೆಲಸ, ಹೊರದೇಶದ ಪರಿಣತರು ಇದ್ದರು, ಸುತ್ತಲಿನವರನ್ನೆಲ್ಲ ಎಬ್ಬಿಸಿ ಕಳಿಸಿದ್ದರು. ಮೂರು ಮಹಡಿಗೆ ಯಾರೂ ಅನುಮತಿ ಕೊಡುವುದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸಂಗಡಿ, ಗುಜರಿ ವ್ಯಾಪಾರ

ಕಂಬಿ ತಗೊಳ್ಳುವವನು ನಾನು, ನನ್ನ ಕಡೆಯಿಂದ ಕೇಳಿ. ಬ್ರೇಕರಿನಲ್ಲಿ ಎಳೆದ ಕಂಬಿ ಸೊಟ್ಟಗಾಗಿ ಕಾಂಕ್ರೀಟ್ ಕಚ್ಚಿಕೊಂಡು ಬರುತ್ತದೆ. ಹಾಗೇ ತಂದರೆ ನಾವು ತೂಕದಲ್ಲಿ ಕಡಿಯುತ್ತೇವೆ. ತಟ್ಟಿ, ಕತ್ತರಿಸಿ, ಕಟ್ಟು ಮಾಡಿ ತಂದರೆ ರೇಟು ಬೇರೆ. ಅದಕ್ಕೆ ಕೂಲಿ ಎಷ್ಟು ಬೀಳುತ್ತದೆ ಎಂದು ನೋಡಿ ನಿರ್ಧಾರ ಮಾಡಿ. ಒಟ್ಟಿಗೆ ಇಷ್ಟು ಅಂತ ಮಾತಾಡುವವರಿಗೆ ಕೊಡಬೇಡಿ, ನೀವೇ ಆರಿಸಿದ ವೇಬ್ರಿಡ್ಜಿನಲ್ಲಿ ತೂಗಿಸಿ. ಗುಜರಿ ಬೆಲೆ ಇವತ್ತಿದ್ದ ಹಾಗೆ ಬರುವ ತಿಂಗಳು ಇರುವುದಿಲ್ಲ. ಇವತ್ತಿನ ಬೆಲೆ ನಂಬಿ ಮಾಲೀಕರಿಗೆ ಹಣ ಕೊಡುವುದಾಗಿ ಒಪ್ಪಿಕೊಂಡರೆ ಇಳಿದ ದಿನ ಅಳಬೇಕಾಗುತ್ತದೆ.

ಎಲ್ಲರೂ ಕಂಬಿ ಕಂಬಿ ಅನ್ನುತ್ತಾರೆ. ನನ್ನ ಕಣ್ಣಿರುವುದು ಗೋಡೌನ್ ಸಾಲಿನ ಮೇಲೆ. ಅಲ್ಲಿನ ಪಕ್ಕಾಸು (ಮಾಡಿನ ಮರದ ತೊಲೆ), ದಾರಂದ (ಬಾಗಿಲ ಚೌಕಟ್ಟು) ಹಲಸಿನದ್ದೋ ಕಿರಾಲ್‌ಬೋಗಿಯದ್ದೋ ಆಗಿದ್ದರೆ ಯಂತ್ರ ಮುಟ್ಟಿಸಬೇಡಿ. ಬಡಗಿಯನ್ನು ಕರೆದು ಕೈಯಲ್ಲೇ ಬಿಚ್ಚಿಸಿ. ಹಂಚು ಕೂಡ ಹಾಗೆ. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚು ಮಾಡಲು ಶುರು ಮಾಡಿದ್ದು 1865ರಲ್ಲಿ. ಅವರ ಮುದ್ರೆ ಇರುವ ಹಂಚು ಸಿಕ್ಕಿದರೆ ಬೇರೆ ತೆಗೆದಿಡಿ, ಹೋಂಸ್ಟೇ ಕಟ್ಟುವವರು ಹುಡುಕಿಕೊಂಡು ಬರುತ್ತಾರೆ. ಇಡೀ ಮುರಕಲ್ಲಿಗೂ ಬೆಲೆ ಇದೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯಾದರೆ ಕಲ್ಲು ಚಂದ ಬಿಡಿಸಿಕೊಂಡು ಬರುತ್ತದೆ.

ರಾತ್ರಿಗೆ ಕಾವಲು ಇಡಿ. ಮೊದಲು ಕಾಣೆಯಾಗುವುದು ತಾಮ್ರದ ವಯರು.

ಕಾಸರಗೋಡು, ಗುತ್ತಿಗೆದಾರರ ಲೆಕ್ಕ ಬರೆಯುವವಳು

ನಾನು ಕಾಗದದ ಕಡೆಯವಳು. ನೀವೇ ಹಣ ಕೊಡುವ ಕರಾರು ಅಂದ ಕೂಡಲೇ ನನಗೆ ಹೊಟ್ಟೆ ಚುರ್ರೆನ್ನುತ್ತದೆ. ಮುಂಗಡವಾಗಿ ಪೂರ್ತಿ ಕೊಡಬೇಡಿ. ಸ್ವಲ್ಪ ಅಡ್ವಾನ್ಸ್, ಮೇಲಿನ ಮಹಡಿ ಇಳಿದ ಮೇಲೆ ಸ್ವಲ್ಪ, ಹೀಗೆ ಕಂತು ಮಾಡಿ. ದಿನದ ಲೆಕ್ಕ ಸಹಿ ಹಾಕಿದ ದಿನದಿಂದ ಶುರುವಾಗಬಾರದು. ಬಾಡಿಗೆಯವರೆಲ್ಲ ಖಾಲಿ ಮಾಡಿ, ಕರೆಂಟು ನೀರು ಕಡಿದು, ಕೀಲಿ ನಿಮ್ಮ ಕೈಗೆ ಬಂದ ದಿನದಿಂದ ಶುರುವಾಗಬೇಕು. ಒಬ್ಬ ಅಂಗಡಿಯವರು ಎದ್ದು ಹೋಗುವುದಿಲ್ಲ ಅಂತ ಕೋರ್ಟಿಗೆ ಹೋದರೆ ನಿಮ್ಮ ಯಂತ್ರದ ಬಾಡಿಗೆ ಯಾರು ಕೊಡುತ್ತಾರೆ? ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರು ಕಂಬದಿಂದಲೇ ಲೈನ್ ಬಿಡಿಸಿದ್ದಾರೆ ಎಂಬುದಕ್ಕೆ ಕಾಗದ ಬೇಕು, ಮೇನ್ ಸ್ವಿಚ್ ಆಫ್ ಮಾಡಿದ್ದು ಸಾಲದು.

ಪಾಯ ತೆಗೆಯಬೇಕಾ, ನೆಲಮಟ್ಟಕ್ಕೆ ನಿಲ್ಲಿಸಬೇಕಾ? ಜಾಗ ಖಾಲಿ ಮಾಡಿ ಕೊಡುವುದು ಅಂತ ಮಾತ್ರ ಬರೆದಿದ್ದರೆ ಮಾಲೀಕರು ಪಾಯವೂ ಸೇರಿತು ಅನ್ನುತ್ತಾರೆ. ಎಷ್ಟು ಅಡಿ ಆಳದವರೆಗೆ ಎಂದು ಅಂಕೆಯಲ್ಲಿ ಬರೆಸಿ. ಕರಾರು ಮಲಯಾಳದಲ್ಲಿದ್ದು ನಿಮಗೆ ಓದಲು ಕಷ್ಟವಾದರೆ ನಾಚಿಕೆ ಬೇಡ, ಸಾಲು ಸಾಲಾಗಿ ಓದಿಸಿಕೊಂಡೇ ಸಹಿ ಹಾಕಿ.

ಜಿಎಸ್‌ಟಿ ವಿಷಯ ನಿಮ್ಮ ಆಡಿಟರ್ ಹತ್ತಿರ ಮೊದಲೇ ಮಾತಾಡಿ. ಗುಜರಿ ನಿಮಗೆ, ಕೆಲಸ ಅವರಿಗೆ ಅಂದರೆ ಹಣ ಕೈ ಬದಲಾಗದಿದ್ದರೂ ಅದು ವ್ಯವಹಾರವೇ. ಲೋಹದ ಗುಜರಿಗೆ 18 ಶೇಕಡ, ಮೇಲಿಂದ 2024ರ ಅಕ್ಟೋಬರ್ 10ರಿಂದ ನೋಂದಣಿ ಇದ್ದವರ ನಡುವೆ 2 ಶೇಕಡ ಟಿಡಿಎಸ್ ಬೇರೆ. ತಲಪಾಡಿ ದಾಟಿ ಮಂಗಳೂರಿಗೆ ಸಾಗಿಸುವ ಲೋಡಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ ಇಲ್ಲದೆ ಗಾಡಿ ಹೊರಡಿಸಬೇಡಿ.

ವಿಮೆ ಎರಡು ಬಗೆಯದ್ದು ಬೇಕು. ಕೆಲಸದವರಿಗೆ ಒಂದು, ಪಕ್ಕದವರ ಆಸ್ತಿಗೆ ದಾರಿಹೋಕರಿಗೆ ಒಂದು. ಅಕ್ಕಪಕ್ಕದ ಗೋಡೆಯಲ್ಲಿ ಈಗಲೇ ಇರುವ ಬಿರುಕಿಗೆಲ್ಲ ತಾರೀಕು ಕಾಣುವ ಹಾಗೆ ಫೋಟೊ ತೆಗೆದು, ಆ ಮನೆಯವರ ಸಹಿ ಹಾಕಿಸಿ. ಇದಕ್ಕೆ ಒಂದು ದಿನ ಸಾಕು. ಹಾಕಿಸದಿದ್ದರೆ ಆ ಬೀದಿಯ ಹಳೆಯ ಬಿರುಕೆಲ್ಲ ನಿಮ್ಮ ಹೆಸರಿಗೇ ಬರುತ್ತದೆ.

ಉಪ್ಪಳ, ಇದೇ ಕೆಲಸ ಮಾಡುವವರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮರ, ಹಂಚು ಕೈಯಲ್ಲಿ ಲೋಡ್ ಮಾಡುವಾಗ ಅಲ್ಲಿನ ಚುಮಟ್ಟು (ಹೊರೆ ಹೊರುವ) ಕಾರ್ಮಿಕರ ಯೂನಿಯನ್ ಬರುತ್ತದೆ. ಅವರಿಗೆ 1978ರ ಕಾನೂನಿದೆ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಸರಕಾರ 2018ರ ಮೇ 1ರಿಂದ ನಿಲ್ಲಿಸಿದೆ, ಅದು ಬೇರೆ ಮಾತು. ಕೆಲಸಕ್ಕೆ ಕೈ ಹಾಕುವ ಮೊದಲೇ ಹೋಗಿ ಒಂದು ಚಾ ಕುಡಿದು ರೇಟು ಮಾತಾಡಿದರೆ ಗಾಡಿ ನಿಲ್ಲುವುದಿಲ್ಲ.

ತೆಗೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ಅಪ್ಪ ಹೇಳುವುದೂ ಸರಿ, ತಮ್ಮ ಹೇಳುವುದೂ ಪೂರ್ತಿ ತಪ್ಪಲ್ಲ. ಗೋಡೌನ್ ಸಾಲು ನಿಮ್ಮ ಕೈಯೊಳಗಿನ ಕೆಲಸ, ಸಾಗಾಟವೂ ನಿಮ್ಮದೇ ವ್ಯಾಪಾರ. ಅದನ್ನು ನೀವು ಮಾಡಿ. ಕಾಂಪ್ಲೆಕ್ಸ್ ಮತ್ತು ಟಾಕೀಸಿನ ಮಾಡನ್ನು ಇಂತಹ ಕೆಲಸ ಮಾಡಿದ ತಂಡಕ್ಕೆ ಉಪಗುತ್ತಿಗೆ ಕೊಡಿ, ಕಂಬಿಯಲ್ಲಿ ಅವರಿಗೆ ಪಾಲು ಕೊಟ್ಟರೂ ಪರವಾಗಿಲ್ಲ, ನಿಮ್ಮ ಹುಡುಗ ಒಬ್ಬ ದಿನಾ ಅವರ ಜತೆ ನಿಂತು ನೋಡಲಿ. ಇದಕ್ಕೆ ಮಾಲೀಕರು ಒಪ್ಪುತ್ತಾರಾ ಎಂಬುದನ್ನು ಕರಾರಿಗೆ ಮೊದಲು ಕೇಳಬೇಕು, ಕೆಲವರು ಉಪಗುತ್ತಿಗೆ ಕೂಡದು ಅಂತ ಬರೆಸುತ್ತಾರೆ. ಒಂದು ವೇಳೆ ಪೂರ್ತಿ ನೀವೇ ಮಾಡಬೇಕು, ಮೇ ಕೊನೆಗೆ ಮುಗಿಯದಿದ್ದರೆ ದಿನಕ್ಕೆ ಇಷ್ಟು ದಂಡ ಅಂದರೆ ಬಿಟ್ಟುಬಿಡಿ. ಪಾಯದ ಆಳ ಮತ್ತು ನಡುವಿನ ಗೋಡೆ, ಇವೆರಡಕ್ಕೆ ಉತ್ತರ ತಂದು ಇಲ್ಲಿ ಹಾಕಿ. ಆಮೇಲೆ ಬೇಕಾದರೆ ಎಲ್ಲರೂ ಕೂತು ರೇಟಿನ ಲೆಕ್ಕ ಮಾಡುವ.