ಕೇಬಲ್ ಬಿಟ್ಟು 5ಜಿ ಸಿಮ್ ರೂಟರ್‌ಗೆ ಬಂದ ಮೇಲೆ ಸಂಜೆ ನೆಟ್ ನಿಲ್ಲುತ್ತಿದೆ, ವಿಪಿಎನ್ ಮತ್ತು ಕ್ಯಾಮೆರಾ ಕೂಡ ಸರಿ ಇಲ್ಲ

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಮನೆಯ ತಿಂಗಳ ಖರ್ಚು ಸ್ವಲ್ಪ ಇಳಿಸಬೇಕು ಅಂತ ಕೇಬಲ್ ಇಂಟರ್ನೆಟ್ ಬದಲು ಸಿಮ್ ಹಾಕುವ 5ಜಿ ರೂಟರ್ ತಂದಿದ್ದೇನೆ. ಕೇಬಲ್ ಬಿಲ್‌ನಲ್ಲಿ ಮೋಡೆಮ್ ಬಾಡಿಗೆ, ನಾವು ಯಾರೂ ನೋಡದ ಚಾನೆಲ್‌ಗಳ ಪ್ಯಾಕ್ ಎಲ್ಲ ಸೇರಿಕೊಂಡಿತ್ತು. ಸಿಮ್ ಪ್ಲಾನ್‌ಗೆ ಅದರ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಕೇಬಲ್ ಸಂಪರ್ಕವನ್ನು ಇನ್ನೂ ಕಡಿಸಿಲ್ಲ. ಮುಂದಿನ ಬಿಲ್ ಬರುವ ಮೊದಲು ತೀರ್ಮಾನ ಮಾಡಬೇಕು.

ತೊಂದರೆ ಹೀಗಿದೆ. ಬೆಳಗ್ಗೆ ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬರುತ್ತದೆ. ಸಂಜೆ ಏಳರ ನಂತರ ಅಪ್ಪ ನೋಡುವ ವಿಡಿಯೋ ತಿರುಗುತ್ತಾ ನಿಂತುಬಿಡುತ್ತದೆ, ನನ್ನ ಮೀಟಿಂಗ್‌ನಲ್ಲಿ ಮಾತು ಕತ್ತರಿಸಿ ಹೋಗುತ್ತದೆ. ಆಫೀಸಿನ ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರುವ ಸುರಕ್ಷಿತ ದಾರಿ) ಕನೆಕ್ಟ್ ಆಗುತ್ತದೆ, ಮೇಲ್ ಪಟ್ಟಿ ಕಾಣುತ್ತದೆ, ಆದರೆ ಅಟ್ಯಾಚ್‌ಮೆಂಟ್ ಯಾವತ್ತೂ ತೆರೆಯುವುದಿಲ್ಲ. ಇದು ಬೆಳಗ್ಗೆಯೂ ಹಾಗೆಯೇ. ಬಾಗಿಲಿನ ಕ್ಯಾಮೆರಾವನ್ನು ಹೊರಗಿನಿಂದ ನೋಡುತ್ತಿದ್ದೆ, ಈಗ ಅದೂ ಆಗುತ್ತಿಲ್ಲ. ಹೊರಗಿನಿಂದ ಬಂದ ಸಂಪರ್ಕವನ್ನು ರೂಟರ್ ಕ್ಯಾಮೆರಾಕ್ಕೆ ಕಳಿಸುವ ಪೋರ್ಟ್ ಫಾರ್ವರ್ಡ್ ಸೆಟ್ಟಿಂಗ್ ಎಲ್ಲ ಮೊದಲಿನಂತೆಯೇ ಹಾಕಿದ್ದೇನೆ. ರೂಟರ್ ಮೇಲೆ ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ. ಟೆರೇಸ್ ಮೇಲೆ ಆಂಟೆನಾ ಹಾಕಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಹಾಕಿಸಬೇಕಾ?

ಗೋಪುರ:

ಮೇಡಂ, ಆಂಟೆನಾಕ್ಕೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣ ಇರುವ ಹಾಗಿದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ತಾನಾಗಿ ಸರಿಹೋಗಲ್ಲ. ಬೇರೆ ಬೇರೆಯಾಗಿಯೇ ನೋಡೋಣ.

ಮೊದಲು ಕಡ್ಡಿಗಳನ್ನು ಮರೆತುಬಿಡಿ. ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಮಾತ್ರ ಅವು ಹೇಳುತ್ತವೆ, ಎಷ್ಟು ಶುದ್ಧವಾಗಿದೆ ಅಂತ ಹೇಳುವುದಿಲ್ಲ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಸಿಗ್ನಲ್ ಅಥವಾ ನೆಟ್‌ವರ್ಕ್ ಸ್ಥಿತಿ ಅಂತ ಒಂದು ಭಾಗ ಇರುತ್ತದೆ. ಅಲ್ಲಿಂದ ಇಷ್ಟು ಬರೆದು ತಿಳಿಸಿ: ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್, ಯಾವ ಬ್ಯಾಂಡ್ (ಅಂದರೆ ಯಾವ ತರಂಗಾಂತರದ ಪಟ್ಟಿ), ಆ ಬ್ಯಾಂಡ್‌ನ ಅಗಲ ಎಷ್ಟು ಮೆಗಾಹರ್ಟ್ಸ್, ರೂಟರ್‌ಗೆ ಸಿಕ್ಕಿರುವ ಹೊರಗಿನ ಐಪಿ ವಿಳಾಸದ ಮೊದಲ ಎರಡು ಸಂಖ್ಯೆ. ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ನೋಡಿ. ರಾತ್ರಿಯದ್ದೇ ಮುಖ್ಯ.

ಸಂಜೆಮಲ್ಲಿಗೆ:

ಧನ್ಯವಾದ ಸರ್. ಬ್ಯಾಂಡ್ 8, ಅಗಲ 10 ಮೆಗಾಹರ್ಟ್ಸ್, 4ಜಿ ಅಂತಲೇ ತೋರಿಸುತ್ತಿದೆ. ಆರ್‌ಎಸ್‌ಆರ್‌ಪಿ -82, ಎರಡೂ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಎಸ್‌ಐಎನ್‌ಆರ್ ಬೆಳಗ್ಗೆ 14 ಇತ್ತು, ರಾತ್ರಿ 1ಕ್ಕೆ ಇಳಿದಿತ್ತು. ಐಪಿ ವಿಳಾಸ 100.81 ಅಂತ ಶುರುವಾಗುತ್ತದೆ. ರೂಟರ್ ಹಾಲ್‌ನಲ್ಲಿ ಟಿವಿ ಪಕ್ಕ ಇದೆ, ಹಳೆಯ ಕೇಬಲ್ ಮೋಡೆಮ್ ಇದ್ದ ಜಾಗದಲ್ಲೇ.

ಗೋಪುರ:

ನೀವು ಕೊಟ್ಟ ಅಂಕಿಗಳಲ್ಲೇ ಮುಕ್ಕಾಲು ಉತ್ತರ ಇದೆ.

ಆರ್‌ಎಸ್‌ಆರ್‌ಪಿ ಅಂದರೆ ಟವರ್‌ನ ಸಿಗ್ನಲ್ ನಿಮ್ಮ ರೂಟರ್‌ಗೆ ಎಷ್ಟು ಬಲವಾಗಿ ಬಂದು ಮುಟ್ಟುತ್ತಿದೆ ಅನ್ನುವುದರ ಅಳತೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. -80ರ ಆಸುಪಾಸು ಚೆನ್ನಾಗಿದೆ, -100 ನಡೆಯುತ್ತದೆ, -110 ದಾಟಿದರೆ ಕಷ್ಟ. ನಿಮ್ಮ -82ಕ್ಕೆ ಏನೂ ಹೇಳುವ ಹಾಗಿಲ್ಲ. ಕಡ್ಡಿ ಪೂರ್ತಿ ತೋರಿಸುವುದು ಅದಕ್ಕೇ.

ಎಸ್‌ಐಎನ್‌ಆರ್ ಬೇರೆ ವಿಷಯ. ನಿಮಗೆ ಬೇಕಾದ ಸಿಗ್ನಲ್ ಒಂದು ಕಡೆ, ಅಕ್ಕಪಕ್ಕದ ಟವರ್‌ಗಳ ಗದ್ದಲ ಇನ್ನೊಂದು ಕಡೆ ಇಟ್ಟು ತೂಗುವ ಅಳತೆ ಅದು. 20ರ ಮೇಲಿದ್ದರೆ ತುಂಬಾ ಚೆನ್ನ, 13ರ ಮೇಲೆ ಒಳ್ಳೆಯದು, ಸೊನ್ನೆಯ ಹತ್ತಿರ ಬಂದರೆ ರೂಟರ್ ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳಬೇಕಾಗುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ಫೋನ್ ಹಿಡಿದಾಗ ಅಕ್ಕಪಕ್ಕದ ಟವರ್‌ಗಳು ಬಿಡುವಿಲ್ಲದೆ ಸಿಗ್ನಲ್ ಬಿಡುತ್ತವೆ. ಬಲ ಅಷ್ಟೇ ಇರುತ್ತದೆ, ಗದ್ದಲ ಜಾಸ್ತಿ ಆಗುತ್ತದೆ. ನಿಮ್ಮ 14 ಇಳಿದು 1 ಆಗಿರುವುದು ಹೀಗೆ.

ಇನ್ನೊಂದು, ಬ್ಯಾಂಡ್ 8. ಇದು 900 ಮೆಗಾಹರ್ಟ್ಸ್. ಗೋಡೆ ದಾಟಿ ಒಳಗೆ ಬರುವುದರಲ್ಲಿ ಗಟ್ಟಿ, ಆದರೆ ಅಗಲ ಕಡಿಮೆ. 10 ಮೆಗಾಹರ್ಟ್ಸ್ ಅಗಲದ 4ಜಿ ಸಾಮಾನ್ಯವಾಗಿ ಎರಡು ಆಂಟೆನಾ ಲೆಕ್ಕದಲ್ಲಿ ಸುಮಾರು 75 ಎಂಬಿಪಿಎಸ್ ಕೊಡಬಲ್ಲದು. ಅದೂ ಎಲ್ಲ ಸರಿ ಇದ್ದಾಗ, ಟವರ್‌ನ ಆ ದಿಕ್ಕಿನಲ್ಲಿರುವ ಎಲ್ಲರಿಗೂ ಸೇರಿ. ನಿಮಗೊಬ್ಬರಿಗೇ ಅಲ್ಲ. 5ಜಿಯ ಎನ್78 ಬ್ಯಾಂಡ್ 3500ರ ಆಸುಪಾಸು ಇರುತ್ತದೆ, ಅಗಲ 100 ಮೆಗಾಹರ್ಟ್ಸ್‌ವರೆಗೂ ಇರಬಹುದು. ಆದರೆ ಅದಕ್ಕೆ ಗೋಡೆ ಅಂದರೆ ಆಗದು. ನಿಮ್ಮ ರೂಟರ್ ಹಾಲ್‌ನ ನಡುವೆ ಕೂತು ಜೋರಾಗಿ ಕೇಳುವ ಇಕ್ಕಟ್ಟಿನ ದಾರಿಯನ್ನು ಹಿಡಿದುಕೊಂಡಿದೆ. ಮೆಲ್ಲಗೆ ಕೇಳುವ ಅಗಲವಾದ ದಾರಿ ಹೊರಗೆ ಖಾಲಿ ಇರಬಹುದು.

ಆದ್ದರಿಂದ ಮಾಡಬೇಕಾದ್ದು ಇಷ್ಟೇ. ರೂಟರ್ ಎತ್ತಿಕೊಂಡು ಮನೆಯ ಪ್ರತಿ ಕಿಟಕಿಯ ಹತ್ತಿರ ಐದೈದು ನಿಮಿಷ ಇಡಿ, ಎಷ್ಟು ಎತ್ತರ ಸಾಧ್ಯವೋ ಅಷ್ಟು. ಅದನ್ನು ಸಂಜೆಯೇ ಮಾಡಿ. ಬೆಳಗಿನ ಅಂಕಿ ನೋಡಿ ಜಾಗ ಆರಿಸಿದರೆ ಪ್ರಯೋಜನ ಇಲ್ಲ. ಕಿಟಕಿಗೆ ಲೋಹದ ಲೇಪನ ಇರುವ, ಬಿಸಿಲು ತಡೆಯುವ ಗಾಜು ಇದ್ದರೆ ಅದನ್ನು ತೆರೆದು ನೋಡಿ. ಆ ಗಾಜು ಸಿಗ್ನಲ್ಲನ್ನೂ ತಡೆಯುತ್ತದೆ. ಕಬ್ಬಿಣದ ಬೀರು, ಫ್ರಿಜ್, ಟಿವಿ ಹಿಂಭಾಗ ಬೇಡವೇ ಬೇಡ. ಎನ್78 ಕಾಣಿಸಿಕೊಂಡರೆ ಆರ್‌ಎಸ್‌ಆರ್‌ಪಿ -100 ಇದ್ದರೂ ಬೇಜಾರಾಗಬೇಡಿ, ಎಸ್‌ಐಎನ್‌ಆರ್ ನೋಡಿ.

ಆಂಟೆನಾ ಬಗ್ಗೆ ಹೇಳುತ್ತೇನೆ. ಟೆರೇಸ್‌ನಿಂದ ಹಾಲ್‌ಗೆ ತೆಳ್ಳನೆಯ ಕೋಆಕ್ಸ್ ಕೇಬಲ್ ಇಳಿಸಿದರೆ ಆಂಟೆನಾ ಗಳಿಸಿದ್ದನ್ನು ಕೇಬಲ್ಲೇ ತಿಂದುಹಾಕುತ್ತದೆ. ಆರ್‌ಜಿ-58 ತರಹದ ಕೇಬಲ್ 10 ಮೀಟರ್ ಎಳೆದರೆ 3500 ಮೆಗಾಹರ್ಟ್ಸ್‌ನಲ್ಲಿ 10 ಡೆಸಿಬೆಲ್‌ಗೂ ಜಾಸ್ತಿ ಹೋಗುತ್ತದೆ. ಅಂದರೆ ಹತ್ತರಲ್ಲಿ ಒಂದು ಪಾಲೂ ಕೆಳಗೆ ಮುಟ್ಟುವುದಿಲ್ಲ. ಅದರ ಬದಲು ರೂಟರ್ ಅನ್ನೇ ಸಿಗ್ನಲ್ ಇರುವ ಕಿಟಕಿಗೆ ಕಳಿಸಿ, ಅಲ್ಲಿಂದ ಹಾಲ್‌ಗೆ ಈಥರ್ನೆಟ್ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ಅದರಲ್ಲಿ ಯೋಚನೆಯೇ ಇಲ್ಲ. ಹಾಲ್‌ನಲ್ಲಿ ಹಳೆಯ ವೈಫೈ ರೂಟರ್ ಇದ್ದರೆ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹಂಚುವ ಕೆಲಸಕ್ಕೆ) ಹಾಕಿ, ಆ ಕೇಬಲ್ ಅದಕ್ಕೆ ಸಿಕ್ಕಿಸಿ.

ತಂತಿಬೇಲಿ:

ನಡುವೆ ಒಂದು ಮಾತು. ಸಂಜೆ ನಿಧಾನ ಆಗುವುದು ಕೇಬಲ್‌ನಲ್ಲೂ ಇದೆ, ಅಲ್ವಾ? ಅಲ್ಲೂ ಒಂದೇ ಕೋಆಕ್ಸ್ ಸಾಲನ್ನು ಬೀದಿಯ ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಆದರೂ ಅಲ್ಲಿ ಏರಿಳಿತ ಕಡಿಮೆ. ನಿಮ್ಮ ಮನೆಯಲ್ಲಿ ಆನ್‌ಲೈನ್ ಗೇಮ್ ಆಡುವವರು ಇದ್ದರೆ, ದೊಡ್ಡ ಫೈಲ್ ಮೇಲಕ್ಕೆ ಕಳಿಸುವ ಕೆಲಸ ಇದ್ದರೆ, ನಾನಾದರೆ ಕೇಬಲ್ ಬಿಡುವುದಿಲ್ಲ. ಚಾನೆಲ್ ಪ್ಯಾಕ್ ತೆಗೆಸಿ, ಮೋಡೆಮ್ ಸ್ವಂತದ್ದು ಇಟ್ಟುಕೊಳ್ಳಬಹುದಾ ಅಂತ ಕೇಳಿ, ಕೆಳಗಿನ ಪ್ಲಾನ್‌ಗೆ ಇಳಿಯುತ್ತೇನೆ. ಅದರಲ್ಲೂ ಉಳಿತಾಯ ಇದೆ.

ಇನ್ನು ಡೇಟಾ ಮಿತಿ. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ, 4ಕೆ ಆದರೆ ಸುಮಾರು 7 ಜಿಬಿ. ದಿನಕ್ಕೆ ನಾಲ್ಕು ಗಂಟೆ ಎಚ್‌ಡಿ ನೋಡಿದರೆ ತಿಂಗಳಿಗೆ 360 ಜಿಬಿ ಆಯಿತು, ಟಿವಿ ಒಂದಕ್ಕೇ. "ಅನ್‌ಲಿಮಿಟೆಡ್" ಅಂತ ಬರೆದಿರುವ ಪ್ಲಾನ್‌ನಲ್ಲೂ ಒಂದು ಮಿತಿ ದಾಟಿದ ಮೇಲೆ ವೇಗ ಇಳಿಸುವ ಷರತ್ತು ಇರುವುದುಂಟು. ಅದನ್ನು ಓದಿದ್ದೀರಾ?

ಗೋಪುರ:

ತಂತಿಬೇಲಿ ಅವರ ಡೇಟಾ ಲೆಕ್ಕ ಸರಿಯಾಗಿದೆ. ಮೇಡಂ, ಕೇಬಲ್ ಕಂಪನಿಯ ನಿಮ್ಮ ಖಾತೆಯಲ್ಲಿ ಹಿಂದಿನ ತಿಂಗಳುಗಳ ಬಳಕೆ ಕಾಣಿಸಬಹುದು. ಅಂದಾಜು ಮಾಡುವುದಕ್ಕಿಂತ ಆ ಅಂಕಿ ನೋಡಿ, ಅದನ್ನೇ ಸಿಮ್ ಪ್ಲಾನ್‌ನ ಮಿತಿಯ ಪಕ್ಕ ಇಟ್ಟು ಹೋಲಿಸಿ.

ಗೇಮ್ ವಿಷಯದಲ್ಲಿ ಪೂರ್ತಿ ಒಪ್ಪುವುದಿಲ್ಲ. ಮೊಬೈಲ್ ನೆಟ್‌ನಲ್ಲಿ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಹಾರುವುದಕ್ಕೆ ಎಷ್ಟೋ ಸಲ ಕಾರಣ ಸಾಲು ತುಂಬಿಕೊಳ್ಳುವುದು. ಒಬ್ಬರು ದೊಡ್ಡ ಡೌನ್‌ಲೋಡ್ ಹಾಕಿದರೆ ಅದರ ಪ್ಯಾಕೆಟ್‌ಗಳು (ಡೇಟಾದ ತುಂಡುಗಳು) ಮುಂದೆ ನಿಂತು, ಮೀಟಿಂಗ್‌ನ ಪುಟ್ಟ ಪ್ಯಾಕೆಟ್ ಹಿಂದೆ ಕಾಯುತ್ತದೆ. ಈ ಸಾಲನ್ನು ಚಿಕ್ಕದಾಗಿ ಇಡುವ ಎಸ್‌ಕ್ಯೂಎಂ ಅನ್ನುವ ಸೌಲಭ್ಯ ಇರುವ ರೂಟರ್‌ನಲ್ಲಿ ಇದನ್ನು ಹಿಡಿತಕ್ಕೆ ತರಬಹುದು. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ತಂತ್ರಾಂಶ ಹಾಕಿದ ಹಳೆಯ ರೂಟರ್ ಆದರೂ ಸಾಕು. ಸಂಜೆ ಸಿಗುವ ಕನಿಷ್ಠ ವೇಗಕ್ಕಿಂತ ಸ್ವಲ್ಪ ಕೆಳಗೆ ಮಿತಿ ಹಾಕಬೇಕು. ಬೆಳಗಿನ ವೇಗದಲ್ಲಿ ಒಂದಿಷ್ಟು ಬಿಟ್ಟುಕೊಟ್ಟ ಹಾಗೆ ಆಗುತ್ತದೆ, ನಿಜ. ಮನೆಯಿಂದ ಕೆಲಸ ಮಾಡುವವರಿಗೆ ಆ ವೇಗಕ್ಕಿಂತ ಮಾತು ಕತ್ತರಿಸದೆ ಇರುವುದು ಮುಖ್ಯ ಅಂತ ನನ್ನ ಅಭಿಪ್ರಾಯ.

ಸಂಜೆಮಲ್ಲಿಗೆ:

ರೂಟರ್ ಹಿಡಿದುಕೊಂಡು ಮನೆಯೆಲ್ಲ ಸುತ್ತಿದೆ ಸರ್. ಹಾಲ್ ಕಡೆಯ ಕಿಟಕಿಗಳಲ್ಲಿ ಬದಲಾವಣೆ ಇಲ್ಲ. ಹಿಂದಿನ ಕೋಣೆಯ ಕಿಟಕಿಯಲ್ಲಿ ಎನ್78 ಸಿಕ್ಕಿತು! ಆರ್‌ಎಸ್‌ಆರ್‌ಪಿ -99, ಎಸ್‌ಐಎನ್‌ಆರ್ 17, ಅಗಲ 100. ಒಂದು ಕಡ್ಡಿ ಕಡಿಮೆ ತೋರಿಸುತ್ತಿದೆ, ಆದರೆ ರಾತ್ರಿ ಒಂಬತ್ತಕ್ಕೆ ಅಪ್ಪನ ವಿಡಿಯೋ ಒಮ್ಮೆಯೂ ನಿಲ್ಲಲಿಲ್ಲ. ಅಲ್ಲಿಂದ ಹಾಲ್‌ಗೆ ಈಥರ್ನೆಟ್ ಎಳೆದು ಹಳೆಯ ವೈಫೈ ರೂಟರ್‌ಗೆ ಸಿಕ್ಕಿಸಿದ್ದೇನೆ.

ಬಳಕೆ ನೋಡಿದೆ, ಪ್ಲಾನ್‌ನ ಮಿತಿಯ ಒಳಗೇ ಇದೆ. ಟಿವಿಯಲ್ಲಿ 4ಕೆ ಬದಲು ಎಚ್‌ಡಿ ಇಟ್ಟಿದ್ದೇನೆ.

ವಿಪಿಎನ್ ಮತ್ತು ಕ್ಯಾಮೆರಾ ಹಾಗೆಯೇ ಇವೆ.

ಗೋಪುರ:

ಬಹಳ ಸಂತೋಷ. ಈಗ ವಿಪಿಎನ್‌ಗೆ ಬರೋಣ.

ಕನೆಕ್ಟ್ ಆಗುತ್ತದೆ, ಚಿಕ್ಕದು ಬರುತ್ತದೆ, ದೊಡ್ಡದು ಬರಲ್ಲ ಅಂದರೆ ಎಂಟಿಯು ಮೇಲೆ ಅನುಮಾನ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ ಅದು. ಈಥರ್ನೆಟ್‌ನಲ್ಲಿ 1500 ಬೈಟ್. ಮೊಬೈಲ್ ನೆಟ್‌ವರ್ಕ್ ನಿಮ್ಮ ಪ್ಯಾಕೆಟ್‌ಗೆ ತನ್ನದೇ ಇನ್ನೊಂದು ಹೊದಿಕೆ ಸುತ್ತಿ ಕಳಿಸುವುದರಿಂದ ಮಿತಿ ಅದಕ್ಕಿಂತ ಕಡಿಮೆ ಇರುವುದುಂಟು. ಅದರ ಒಳಗೆ ವಿಪಿಎನ್ ತನ್ನ ಹೊದಿಕೆ ಬೇರೆ ಸುತ್ತುತ್ತದೆ. ದೊಡ್ಡ ಪ್ಯಾಕೆಟ್ ಎಲ್ಲೋ ನಡುವೆ ಬಿದ್ದುಹೋಗುತ್ತದೆ, ಬಿದ್ದಿದೆ ಅಂತ ಹೇಳುವ ಸಂದೇಶವೂ ವಾಪಸ್ ಬರುವುದಿಲ್ಲ.

ಪರೀಕ್ಷೆ ಸುಲಭ. ವಿಪಿಎನ್ ಆಫ್ ಮಾಡಿ, ಕಂಪ್ಯೂಟರ್‌ನಿಂದ ಪಿಂಗ್ (ಉತ್ತರ ಕೇಳುವ ಪರೀಕ್ಷಾ ಪ್ಯಾಕೆಟ್) ಕಳಿಸಿ. ಪ್ಯಾಕೆಟ್ ಒಡೆಯಬಾರದು ಅನ್ನುವ ಆಯ್ಕೆ ಹಾಕಿ, ಗಾತ್ರ 1472ರಿಂದ ಶುರು ಮಾಡಿ ಹತ್ತು ಹತ್ತು ಇಳಿಸುತ್ತಾ ಬನ್ನಿ. ಉತ್ತರ ಬಂದ ಅತಿ ದೊಡ್ಡ ಗಾತ್ರಕ್ಕೆ 28 ಸೇರಿಸಿದರೆ ಅದೇ ನಿಮ್ಮ ಎಂಟಿಯು. ರೂಟರ್‌ನಲ್ಲಿ ಆ ಸಂಖ್ಯೆ ಹಾಕಿ. ವಿಪಿಎನ್ ಆಪ್‌ನಲ್ಲಿ ಅದಕ್ಕಿಂತ ಇನ್ನೂ 80ರಷ್ಟು ಕೆಳಗೆ ಇಡಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಬದಲಾಯಿಸಲು ಅನುಮತಿ ಇಲ್ಲದಿದ್ದರೆ ಐಟಿಯವರಿಗೆ ಇದೇ ಅಂಕಿ ಕೊಡಿ, ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಕ್ಯಾಮೆರಾ ವಿಷಯದಲ್ಲಿ ನಿಮ್ಮ ಸೆಟ್ಟಿಂಗ್ ತಪ್ಪಿಲ್ಲ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ ಎತ್ತಿಟ್ಟರು. ನಿಮ್ಮ 100.81 ಅದರೊಳಗೇ ಬರುತ್ತದೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹೊರಗಿನ ಒಂದೇ ವಿಳಾಸವನ್ನು ಎಷ್ಟೋ ಗ್ರಾಹಕರು ಹಂಚಿಕೊಂಡಿರುತ್ತಾರೆ. ಹೊರಗಿನಿಂದ ಬಂದ ಕರೆ ಯಾರಿಗೆ ಅಂತ ಕಂಪನಿಯ ಉಪಕರಣಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಮನೆಯ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಅಷ್ಟೇ.

ದಾರಿ ಅಂದರೆ, ಮನೆಯಿಂದಲೇ ಹೊರಗೆ ಸಂಪರ್ಕ ಶುರುವಾಗಬೇಕು. ಮನೆಯಲ್ಲಿ ಸದಾ ಆನ್ ಇರುವ ಒಂದು ಪುಟ್ಟ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್ (ನಿಮ್ಮ ಉಪಕರಣಗಳನ್ನು ಮಾತ್ರ ಜೋಡಿಸುವ ವಿಪಿಎನ್ ಆಪ್) ಹಾಕಿ, ಮನೆಯ ನೆಟ್‌ವರ್ಕ್ ಅದರ ಮೂಲಕ ಕಾಣುವಂತೆ ಮಾಡಿ, ಫೋನ್‌ನಲ್ಲೂ ಹಾಕಿ. ಕ್ಯಾಮೆರಾ ಮನೆಯೊಳಗಿನ ವಿಳಾಸದಲ್ಲೇ ತೆರೆದುಕೊಳ್ಳುತ್ತದೆ. ಹಳೆಯ ಪೋರ್ಟ್ ಫಾರ್ವರ್ಡ್‌ಗಳನ್ನು ಅಳಿಸಿಬಿಡಿ. ಕ್ಯಾಮೆರಾವನ್ನು ನೇರವಾಗಿ ಲೋಕಕ್ಕೆ ತೆರೆದಿಡುವುದು ಮೊದಲೂ ಒಳ್ಳೆಯದಾಗಿರಲಿಲ್ಲ. ಸುರಕ್ಷತೆಗೆ ಇದೇ ಮೇಲು.

ಸಂಜೆಮಲ್ಲಿಗೆ:

ಪಿಂಗ್ 1392ಕ್ಕೆ ಉತ್ತರ ಕೊಟ್ಟಿತು, ಅಂದರೆ 1420. ಐಟಿಯವರು ವಿಪಿಎನ್‌ನಲ್ಲಿ 1340 ಹಾಕಿಕೊಟ್ಟರು. ಅಟ್ಯಾಚ್‌ಮೆಂಟ್ ತಕ್ಷಣ ತೆರೆಯಿತು. ಕ್ಯಾಮೆರಾ ಹಳೆಯ ಲ್ಯಾಪ್‌ಟಾಪ್ ಮೂಲಕ ಕಾಣುತ್ತಿದೆ. ತುಂಬಾ ಉಪಕಾರ ಆಯಿತು. ಇನ್ನು ಕೇಬಲ್ ಕಡಿಸಬಹುದಾ?

ಇನ್ನೊಂದು ಪ್ರಶ್ನೆ. ನನ್ನ ಫೋನ್ ಸಿಮ್‌ನಲ್ಲೂ ತುಂಬಾ ಡೇಟಾ ಉಳಿಯುತ್ತದೆ. ಅದನ್ನೇ ರೂಟರ್‌ಗೆ ಹಾಕಿ ಈ ಎರಡನೇ ಸಿಮ್ ಬಿಟ್ಟರೆ ಇನ್ನೂ ಉಳಿಯುತ್ತದೆ, ಅಲ್ವಾ?

ತಂತಿಬೇಲಿ:

ಕಡಿಸುವ ಮೊದಲು ಒಂದು ಪೂರ್ತಿ ಬಿಲ್ ಅವಧಿ ಎರಡನ್ನೂ ಇಟ್ಟುಕೊಳ್ಳಿ. ವಾರಾಂತ್ಯ, ರಜೆ, ಜೋರು ಮಳೆ ಎಲ್ಲ ಬಂದುಹೋಗಲಿ. ಕಿಟಕಿ ಎದುರು ಮರ ಇದ್ದರೆ ಎಲೆ ತುಂಬಿದಾಗ ಅಂಕಿ ಇಳಿಯುವುದೂ ಉಂಟು, ಗಮನಿಸಿ. ಕೇಬಲ್ ಕಂಪನಿ ಕೊಟ್ಟ ಇಮೇಲ್ ವಿಳಾಸವನ್ನು ಬ್ಯಾಂಕ್‌ಗೋ ಎಲ್ಲಿಗೋ ಕೊಟ್ಟಿದ್ದರೆ ಮೊದಲು ಬದಲಾಯಿಸಿ, ಮನೆ ಫೋನ್ ನಂಬರ್ ಅದರ ಜೊತೆ ಬಂದಿದ್ದರೆ ಅದನ್ನೂ ನೋಡಿಕೊಳ್ಳಿ. ಬಾಡಿಗೆ ಮೋಡೆಮ್ ವಾಪಸ್ ಕೊಟ್ಟು, ಅದರ ಸೀರಿಯಲ್ ನಂಬರ್ ಇರುವ ರಸೀದಿ ತೆಗೆದುಕೊಳ್ಳಿ. ಆಮೇಲೆ ಬಾಡಿಗೆ ಮುಂದುವರಿದರೆ ತೋರಿಸಲು ಬೇರೆ ಏನೂ ಇರುವುದಿಲ್ಲ.

ಗೋಪುರ:

ಫೋನ್ ಸಿಮ್ ಬೇಡ ಮೇಡಂ. ಫೋನ್ ಪ್ಲಾನ್‌ನ ಷರತ್ತಿನಲ್ಲಿ ಹಾಟ್‌ಸ್ಪಾಟ್ ಅಥವಾ ರೂಟರ್ ಬಳಕೆಗೆ ಬೇರೆ ಮಿತಿ ಇರಬಹುದು. ಕಂಪನಿಗೆ ಅದು ಗೊತ್ತಾಗುವ ದಾರಿಗಳೂ ಇವೆ. ಸಿಮ್ ಯಾವ ತರಹದ ಉಪಕರಣದಲ್ಲಿದೆ ಅಂತ ಆ ಉಪಕರಣದ ಗುರುತಿನ ಸಂಖ್ಯೆ ಐಎಂಇಐ ಹೇಳುತ್ತದೆ. ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಅದರೊಳಗಿನ ಟಿಟಿಎಲ್ ಅನ್ನುವ ಅಂಕಿ ಒಂದು ಇಳಿಯುತ್ತದೆ, ಅದರಿಂದಲೂ ತಿಳಿಯುತ್ತದೆ. ಆಮೇಲೆ ವೇಗ ಇಳಿಸಿದರೆ ಅಥವಾ ಸಿಮ್ ನಿಲ್ಲಿಸಿದರೆ ನಿಮ್ಮ ಫೋನ್ ನಂಬರಿಗೇ ತೊಂದರೆ, ಒಟಿಪಿ ಎಲ್ಲ ಅದಕ್ಕೇ ಬರುತ್ತದಲ್ಲ. ಡೇಟಾ ಉಳಿಯುತ್ತಿದ್ದರೆ ಫೋನ್ ಪ್ಲಾನ್ ಅನ್ನು ಚಿಕ್ಕದಕ್ಕೆ ಇಳಿಸಿ. ಮನೆಯಲ್ಲಿ ಹೇಗೂ ವೈಫೈ ಇದೆ.